ಸತ್ಯಾಂಶ: ತಳಿ ಬದಲಾದರೆ ರೋಟಾವೈರಸ್ ಲಸಿಕೆ ವ್ಯರ್ಥವೇ?

ಚಿಕ್ಕ ಮಕ್ಕಳಲ್ಲಿ ತೀವ್ರ ಭೇದಿ ಉಂಟುಮಾಡುವ ವೈರಸ್ಸೇ ರೋಟಾವೈರಸ್. ‘ರೋಟಾವೈರಸ್ ತಳಿಗಳು ಬದಲಾಗಿವೆ, ಹಳೆಯ ತಳಿಯ ಲಸಿಕೆಯನ್ನು ಮಗುವಿಗೆ ಹಾಕಿಸಿ ಪ್ರಯೋಜನವಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ನಿಜ, ತೀರ್ಮಾನ ತಪ್ಪು.

ತೀವ್ರ ಭೇದಿಯಿಂದ ಆಸ್ಪತ್ರೆ ಸೇರಿದ ಐದು ವರ್ಷದೊಳಗಿನ ಮಕ್ಕಳ ಮಲದ ಮಾದರಿಗಳನ್ನು ಪರೀಕ್ಷಿಸಿ, ವೈರಸ್ಸಿನ ಹೊರಕವಚದ ಎರಡು ಪ್ರೋಟೀನ್‌ಗಳ ಆಧಾರದ ಮೇಲೆ ಅದಕ್ಕೆ ಜಿ ಮತ್ತು ಪಿ ಗುರುತುಗಳನ್ನು ನೀಡುವ ರಾಷ್ಟ್ರೀಯ ಜಾಲವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2005ರಲ್ಲಿ ಆರಂಭಿಸಿತು. ಮೊದಲು ಜಿ1ಪಿ8 ಗುರುತಿನ ತಳಿ ಹೆಚ್ಚಾಗಿ ಕಾಣುತ್ತಿತ್ತು. ಬಳಿಕ ಜಿ3ಪಿ8 ಮುಂದೆ ಬಂತು. ಈ ಪಲ್ಲಟವನ್ನು ಹೊರಗೆಡಹಿದ್ದೇ ಈ ನಿಗಾವಣೆ, ಯಾರೂ ಮುಚ್ಚಿಟ್ಟದ್ದಲ್ಲ.

ಭಾರತದ ರೋಟಾವ್ಯಾಕ್ ಲಸಿಕೆಯ ಮೂಲ, ದೆಹಲಿಯ ನವಜಾತ ಶಿಶುವೊಂದರಲ್ಲಿ ದೊರೆತ ಜಿ9ಪಿ11 ತಳಿ. ಸಮಾಜದಲ್ಲಿ ಹರಡುವ ತಳಿಗಳಿಗೆ ಅದು ಅಷ್ಟಾಗಿ ಹೋಲದಿದ್ದರೂ, ಪ್ರಯೋಗದಲ್ಲಿ ಮೊದಲ ವರ್ಷದ ತೀವ್ರ ರೋಟಾವೈರಸ್ ಭೇದಿಯನ್ನು ಸುಮಾರು ಶೇ 56ರಷ್ಟು ತಗ್ಗಿಸಿತು. ತಳಿಗಳಿಗೆ ಸಮಾನವಾದ ಭಾಗಗಳನ್ನೂ ದೇಹ ಗುರುತಿಸುವುದು ಇದಕ್ಕೊಂದು ಕಾರಣ. ಇದು ಪೂರ್ಣ ರಕ್ಷಣೆಯಲ್ಲ ಎಂಬುದನ್ನು ಒಪ್ಪಲೇಬೇಕು. ಆದ್ದರಿಂದ 6, 10 ಮತ್ತು 14ನೇ ವಾರಗಳ ಲಸಿಕೆ ತಪ್ಪಿಸಬಾರದು, ಲಸಿಕೆ ಪಡೆದ ಮಗುವಿಗೂ ಭೇದಿಯಾದರೆ ಓಆರ್‌ಎಸ್ ದ್ರಾವಣ ಮತ್ತು ವೈದ್ಯರು ಸೂಚಿಸಿದ ಸತುವಿನ ಮಾತ್ರೆ ಕೊಡಬೇಕು.