ಕರಡಿಯ ಹಿಂದೊಬ್ಬ ಕ್ಯಾಮೆರಾಮನ್

ಇಂಗ್ಲೆಂಡಿನ ಮಕ್ಕಳ ಲೇಖಕ ಮೈಕಲ್ ಬಾಂಡ್ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಒಂದೇ ಹೆಸರು, ಪ್ಯಾಡಿಂಗ್ಟನ್ ಎಂಬ ಕರಡಿ. ಕೋಟು, ಹಳೇ ಟೋಪಿ, ಮಾರ್ಮಲೇಡ್ (ಕಿತ್ತಳೆ ಜಾಮ್) ಸ್ಯಾಂಡ್‌ವಿಚ್. ಅಷ್ಟು ಹೇಳಿ ಮುಗಿಸಿಬಿಡುತ್ತೇವೆ. 2022ರಲ್ಲಿ ಇಂಗ್ಲೆಂಡಿನ ರಾಣಿ ಆ ಕರಡಿಯನ್ನು ಎದುರಿಗೆ ಕೂರಿಸಿಕೊಂಡು ಚಹಾ ಕುಡಿದ ವಿಡಿಯೊ ಬಂದ ಮೇಲಂತೂ ಬರೆದವರ ಹೆಸರು ಯಾರಿಗೂ ಬೇಕಾಗಲಿಲ್ಲ. ಹೋಗಲಿ, ಪಾತ್ರ ಲೇಖಕನಿಗಿಂತ ದೊಡ್ಡದಾಗುವುದು ಒಳ್ಳೆಯ ಲಕ್ಷಣವೇ. ಆದರೆ ನನ್ನದೊಂದು ತಕರಾರಿದೆ. ಬಾಂಡ್ ಅವರನ್ನು ಬರೀ ಕರಡಿಯ ಅಪ್ಪ ಅಂತ ನೋಡಿದರೆ ಆ ಕರಡಿಯೂ ನಮಗೆ ಪೂರ್ತಿ ಸಿಗುವುದಿಲ್ಲ. ಅವರು ಟಿವಿಯಲ್ಲಿ ದುಡಿದವರು. ಟಿವಿಗಾಗಿ ಬರೆದವರು. ಅವರ ಪುಸ್ತಕಗಳ ರುಚಿಯ ಗುಟ್ಟು ಅರ್ಧಕ್ಕರ್ಧ ಅಲ್ಲೇ ಇದೆ ಅಂತ ನನ್ನ ವಾದ.

ಹುಟ್ಟಿದ್ದು 1926ರಲ್ಲಿ, ನ್ಯೂಬರಿಯಲ್ಲಿ. ಬೆಳೆದದ್ದು ರೆಡಿಂಗ್ ಊರಿನಲ್ಲಿ. 14ನೇ ವಯಸ್ಸಿಗೆ ಶಾಲೆ ಬಿಟ್ಟು ಒಂದು ವಕೀಲರ ಆಫೀಸು ಸೇರಿದರು. ಅಲ್ಲಿಂದ ಬಿಬಿಸಿಗೆ, ಎಂಜಿನಿಯರುಗಳ ಸಹಾಯಕನಾಗಿ. 1943ರ ಫೆಬ್ರುವರಿ 10ರಂದು ರೆಡಿಂಗ್ ಮೇಲೆ ಜರ್ಮನ್ ವಿಮಾನ ಬಾಂಬು ಹಾಕಿತು. ಬಾಂಡ್ ಕೆಲಸ ಮಾಡುತ್ತಿದ್ದ ಕಟ್ಟಡವೇ ಕುಸಿಯಿತು. ಆ ದಾಳಿಯಲ್ಲಿ 41 ಜನ ಸತ್ತರು. ಮೇಲಿನ ಮಹಡಿಯಲ್ಲಿದ್ದ ಹದಿನೇಳರ ಹುಡುಗ ಬದುಕಿ ಹೊರಗೆ ಬಂದ. ಆಮೇಲೆ ಸೇನೆ. 1945ರಲ್ಲಿ ಕೈರೋದಲ್ಲಿದ್ದಾಗ ಬರೆದ ಒಂದು ಕತೆಯನ್ನು ಲಂಡನ್ನಿನ ಪತ್ರಿಕೆಯೊಂದು ದುಡ್ಡು ಕೊಟ್ಟು ತೆಗೆದುಕೊಂಡಿತು. ತಾನು ಲೇಖಕನಾಗಬಹುದು ಅಂತ ಅವರಿಗೆ ಅನ್ನಿಸಿದ್ದು ಆಗ.

ಆದರೆ ಮೊದಲ ಪುಸ್ತಕ ಬಂದಿದ್ದು 1958ರಲ್ಲಿ. ನಡುವೆ ಹದಿಮೂರು ವರ್ಷ. ಈ ಹದಿಮೂರು ವರ್ಷವನ್ನು ಎಲ್ಲರೂ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಬೆಳಗಾದರೆ ಬಿಬಿಸಿ ಕೆಲಸ, ಬಿಡುವಾದಾಗ ಸಣ್ಣ ಕತೆ, ರೇಡಿಯೊ ನಾಟಕ. ಕಳಿಸುವುದು, ವಾಪಸ್ ಬರುವುದು, ಮತ್ತೆ ಕಳಿಸುವುದು. ಅಷ್ಟರಲ್ಲಿ ಅವರು ಟಿವಿ ಕ್ಯಾಮೆರಾಮನ್ ಆಗಿದ್ದರು. ಮುಂದೆ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮಕ್ಕೂ ಕ್ಯಾಮೆರಾ ಹಿಡಿದರು. ಆ ಕಾಲದ ಸ್ಟುಡಿಯೊ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಬಹುಪಾಲು ನೇರ ಪ್ರಸಾರ. ಏನಾದರೂ ಎಡವಟ್ಟಾದರೆ ಇಡೀ ದೇಶ ನೋಡುತ್ತದೆ. ಕ್ಯಾಮೆರಾ ಹಿಂದೆ ನಿಂತವನಿಗೆ ಮಾತಾಡುವ ಹಾಗಿಲ್ಲ. ಎದುರಿಗೆ ಮೇಜಿನ ತುದಿಯಲ್ಲಿ ಲೋಟ ಅಲ್ಲಾಡುತ್ತಿದ್ದರೂ ಬೀಳುವವರೆಗೆ ಸುಮ್ನೆ ನೋಡುತ್ತಿರಬೇಕು. ಹೀಗೆ ವರ್ಷಗಟ್ಟಲೆ ನೋಡಿದವನಿಗೆ ಅವಘಡ ಹೇಗೆ ಹಂತಹಂತವಾಗಿ ಬೆಳೆಯುತ್ತದೆ ಅನ್ನುವುದು ಕರಗತವಾಗದೆ ಇರುತ್ತದೆಯೇ?

ಕರಡಿ ಸಿಕ್ಕಿದ ಕತೆ ಬಹಳ ಜನಕ್ಕೆ ಗೊತ್ತು. 1956ರ ಕ್ರಿಸ್‌ಮಸ್ ಹಿಂದಿನ ಸಂಜೆ, ಲಂಡನ್ನಿನ ಪ್ಯಾಡಿಂಗ್ಟನ್ ರೈಲು ಸ್ಟೇಷನ್ ಹತ್ತಿರದ ಅಂಗಡಿಯ ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದು ಆಟಿಕೆ ಕರಡಿಯನ್ನು ಹೆಂಡತಿಗೆಂದು ಕೊಂಡರು. ಅದರ ಬಗ್ಗೆ ಬರೆಯಲು ಕೂತವರು ಹತ್ತು ದಿನದಲ್ಲಿ ಪುಸ್ತಕ ಮುಗಿಸಿದರು. ಮಕ್ಕಳ ಪುಸ್ತಕ ಬರೆಯುತ್ತಿದ್ದೇನೆ ಎಂಬ ಎಣಿಕೆಯೇ ಇರಲಿಲ್ಲವಂತೆ. ಕರಡಿಯನ್ನು ಮೊದಲು ಆಫ್ರಿಕಾದಿಂದ ಕರೆಸಿದ್ದರು. ಅಲ್ಲಿ ಕರಡಿಗಳೇ ಇಲ್ಲ ಮಾರಾಯರೇ ಅಂತ ಅವರ ಬರಹಗಳನ್ನು ಪ್ರಕಾಶಕರಿಗೆ ಮುಟ್ಟಿಸುವ ಏಜೆಂಟ್ ಹಾರ್ವೆ ಉನ್ನಾ ಹೇಳಿದ ಮೇಲೆ ಅದು ಪೆರು ದೇಶದ್ದಾಯಿತು. ಕಾಲಿನ್ಸ್ ಪ್ರಕಾಶನ 75 ಪೌಂಡ್ ಮುಂಗಡ ಕೊಟ್ಟಿತು. (ಆ ಆಟಿಕೆ ಕರಡಿಯ ಮುಂದಿನ ಕತೆ ನನಗಿಷ್ಟ. 1981ರಲ್ಲಿ ಗಂಡ ಹೆಂಡತಿ ಬೇರೆಯಾದರು. ಕರಡಿ ಮಾತ್ರ ಇಬ್ಬರದ್ದೂ ಆಗಿ ಉಳಿಯಿತು. ಸ್ವಲ್ಪ ದಿನ ಇವರ ಮನೆ, ಸ್ವಲ್ಪ ದಿನ ಅವರ ಮನೆ.)

ಈಗ ಮೊದಲ ಪುಸ್ತಕದ ಸ್ನಾನದ ಪ್ರಸಂಗ ನೋಡಿ. ಹಾಸ್ಯ ಬರೆಯುವವರು ಕೂತು ಕಲಿಯಬೇಕಾದ ಜಾಗ ಅದು. ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲಿ ಸಿಕ್ಕು, ಬ್ರೌನ್ ದಂಪತಿಯ ಮನೆಗೆ ಬಂದ ಕರಡಿಯನ್ನು ಮೊದಲು ಸ್ನಾನಕ್ಕೆ ಕಳಿಸುತ್ತಾರೆ. ಅದು ನಲ್ಲಿ ತಿರುಗಿಸುತ್ತದೆ. ತೊಟ್ಟಿ ತುಂಬುವ ತನಕ ಏನು ಮಾಡುವುದು? ಬ್ರೌನ್ ಅವರ ಶೇವಿಂಗ್ ಕ್ರೀಮ್ ಕಣ್ಣಿಗೆ ಬೀಳುತ್ತದೆ. ಅದರಿಂದ ನೆಲದ ಮೇಲೆ ದಕ್ಷಿಣ ಅಮೆರಿಕದ ನಕ್ಷೆ ಬರೆಯುತ್ತಾ ಕೂರುತ್ತದೆ. ನಲ್ಲಿಯ ಕತೆ ಮರೆತೇ ಹೋಯಿತು. ತಲೆ ಮೇಲೆ ನೀರು ತೊಟ್ಟಿಕ್ಕಿದಾಗಲೇ ಎಚ್ಚರ. ಆಮೇಲೆ ತೊಟ್ಟಿಯೊಳಗೆ ಇಳಿದರೆ ಹತ್ತಿ ಬರಲಾಗದು. 'ಕಾಪಾಡಿ' ಅಂತ ಕೂಗುತ್ತದೆ. ಹೇಗೆ ಕೂಗುತ್ತದೆ ಗೊತ್ತಾ? ಯಾರಿಗೂ ತೊಂದರೆ ಆಗಬಾರದು ಅಂತ ಮೊದಲು ಮೆಲ್ಲಗೆ. ಯಾರೂ ಬರಲಿಲ್ಲ. ಟೋಪಿ ತೆಗೆದು ನೀರು ಮೊಗೆದು ಹೊರಗೆ ಚೆಲ್ಲುತ್ತದೆ. ನೆಲದ ಮೇಲಿನ ನಕ್ಷೆ ನೊರೆಯಾಗಿ ಹೋಗುತ್ತದೆ.

ಇಲ್ಲಿ ಒಂದೊಂದು ವಸ್ತುವೂ ಮೊದಲೇ ಜಾಗದಲ್ಲಿ ಇಟ್ಟದ್ದು. ನಲ್ಲಿ, ಕ್ರೀಮ್, ನೆಲ, ಟೋಪಿ. ಯಾವುದೂ ಆಕಾಶದಿಂದ ಉದುರಿದ್ದಲ್ಲ. ಕರಡಿ ಮಾಡಿದ ಒಂದೊಂದು ಕೆಲಸಕ್ಕೂ ಅದರ ಮಟ್ಟಿಗೆ ಸರಿಯಾದ ಕಾರಣವಿದೆ. ಮುಂದೇನಾಗುತ್ತದೆ ಎಂದು ಓದುವ ಮಗುವಿಗೆ ಕರಡಿಗಿಂತ ಅರೆಕ್ಷಣ ಮೊದಲು ಗೊತ್ತಾಗುತ್ತದೆ. ಆ ಅರೆಕ್ಷಣದಲ್ಲೇ ನಗು. ಶಾಟ್ ಯಾವಾಗ ಬದಲಾಗಬೇಕು ಎಂದು ಬಲ್ಲವನ ಬರವಣಿಗೆ ಇದು. ಮತ್ತೆ ಆ ಮೆಲ್ಲಗೆ ಕೂಗುವುದು ಇದೆಯಲ್ಲ, ಅದು ಮಾತ್ರ ಕ್ಯಾಮೆರಾದಿಂದ ಬಂದದ್ದಲ್ಲ. ಅದು ಅಪ್ಪನಿಂದ ಬಂದದ್ದು. ಬಾಂಡ್ ಅವರ ತಂದೆ ಬಹಳ ಮರ್ಯಾದಸ್ಥರು. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಎತ್ತಿ ಗೌರವ ತೋರಿಸಲು ಬೇಕು ಅಂತ ಹೊರಗೆ ಹೊರಟರೆ ಟೋಪಿ ಹಾಕಿಯೇ ಹೊರಡುತ್ತಿದ್ದರಂತೆ. ಟೋಪಿ, ವಿನಯ ಎರಡೂ ಕರಡಿಗೆ ಬಳುವಳಿಯಾಗಿ ಬಂದವು.

ಕರಡಿಯ ಕುತ್ತಿಗೆಗೆ ಕಟ್ಟಿದ ಚೀಟಿಯ ಹಿಂದೆ ಯುದ್ಧವಿದೆ. ಬಾಂಬಿನ ಭಯಕ್ಕೆ ಲಂಡನ್ನಿನಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳು ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ಕುತ್ತಿಗೆಗೆ ಹೆಸರಿನ ಚೀಟಿ ನೇತುಹಾಕಿಕೊಂಡು ನಿಂತಿದ್ದ ನೆನಪು ಅದು. ಪುಸ್ತಕದಲ್ಲಿ ಕರಡಿಯ ಆಪ್ತ ಗೆಳೆಯ ಗ್ರೂಬರ್, ಹಂಗೇರಿಯಿಂದ ಬಂದ ಮುದುಕ, ಹಳೇ ಸಾಮಾನಿನ ಅಂಗಡಿ ಇಟ್ಟುಕೊಂಡವನು. ಅವನಿಗೆ ಮಾದರಿ ಅದೇ ಏಜೆಂಟ್ ಉನ್ನಾ, ನಾತ್ಸಿಗಳಿಂದ ತಪ್ಪಿಸಿಕೊಂಡು ಜರ್ಮನಿ ಬಿಟ್ಟು ಬಂದವರು. ದಿನಾ ಹನ್ನೊಂದು ಗಂಟೆಗೆ ಕರಡಿ ಮತ್ತು ಗ್ರೂಬರ್ ಕೂತು ಬನ್ ತಿನ್ನುತ್ತಾ ಕೋಕೋ ಕುಡಿಯುತ್ತಾರೆ. ಇಬ್ಬರು ವಲಸೆ ಬಂದವರ ಹರಟೆ ಅದು. ಬಾಂಡ್ ಇದನ್ನು ಎಲ್ಲೂ ಎತ್ತಿ ಹೇಳುವುದಿಲ್ಲ. ಈಗಿನ ಎಷ್ಟೋ ಮಕ್ಕಳ ಪುಸ್ತಕಗಳು ಇಂಥ ಕಡೆ ಒಂದು ಪುಟ ಉಪದೇಶ ಹಾಕದೆ ಬಿಡುವುದಿಲ್ಲ, ಅಲ್ವಾ?

ಪುಸ್ತಕಗಳು ಚೆನ್ನಾಗಿ ಹೋದವು. ಆದರೂ ಕೆಲಸ ಬಿಟ್ಟಿದ್ದು 1960ರ ದಶಕದ ನಡುವಿನಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಾಗ. ಆಮೇಲೆ ಬಂದದ್ದನ್ನೇ ಜನ ಮರೆತಿರುವುದು.

1968ರಲ್ಲಿ ಬಿಬಿಸಿಯಲ್ಲಿ 'ದಿ ಹರ್ಬ್ಸ್' ಶುರುವಾಯಿತು. ಹದಿನೈದು ನಿಮಿಷದ ಹದಿಮೂರು ಕಂತು. ಗೊಂಬೆಗಳನ್ನು ಒಂದೊಂದು ಚೂರು ಸರಿಸಿ, ಒಂದೊಂದು ಫ್ರೇಮ್ ಶೂಟ್ ಮಾಡಿ ಜೋಡಿಸುವ ಸ್ಟಾಪ್ ಮೋಷನ್. ಗೊಂಬೆಯ ಕೆಲಸ ಐವರ್ ವುಡ್ ಅವರದು, ಬರಹ ಬಾಂಡ್ ಅವರದು. ಇಡೀ ಕತೆ ಒಂದು ಕೈತೋಟದ ಗೋಡೆಯೊಳಗೆ. ಪಾತ್ರಗಳ ಹೆಸರೆಲ್ಲ ಸೊಪ್ಪು, ಗಿಡಮೂಲಿಕೆಗಳದ್ದು. ಪಾರ್ಸ್ಲಿ ಎಂಬ ನಾಚಿಕೆ ಸ್ವಭಾವದ ಸಿಂಹ. ನಿಂತಲ್ಲಿ ನಿಲ್ಲದ ನಾಯಿ ಡಿಲ್, ಅಂದರೆ ನಮ್ಮ ಸಬ್ಬಸಿಗೆ. ಸದಾ ಗೊಣಗುವ ಗೂಬೆ ಸೇಜ್. ಮೇಷ್ಟ್ರು ಈರುಳ್ಳಿ. ಒಬ್ಬೊಬ್ಬರೂ ಬಂದಾಗ ತಮ್ಮ ಪರಿಚಯದ ಹಾಡು ಹೇಳಿಕೊಳ್ಳುತ್ತಾರೆ. ಇದು ಬರೀ ಚಂದಕ್ಕೆ ಮಾಡಿದ್ದಲ್ಲ. ವಾರಕ್ಕೊಮ್ಮೆ ನೋಡುವ ಮೂರು ನಾಲ್ಕು ವರ್ಷದ ಮಗುವಿಗೆ ಇಷ್ಟೊಂದು ಪಾತ್ರ ನೆನಪಿರಬೇಕಲ್ಲ, ಹಾಡು ಆ ಕೆಲಸ ಮಾಡುತ್ತದೆ.

ಆ ತೋಟದಲ್ಲಿ ನಮ್ಮ ಕಡೆಯವನೂ ಒಬ್ಬನಿದ್ದಾನೆ. ಹೆಸರು ಪಾಷಾಣಭೇದಿ! ಮೂತ್ರದ ಕಲ್ಲಿಗೆ ನಾಟಿ ವೈದ್ಯರು ಕೊಡುವ ಅದೇ ಗಿಡ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವನನ್ನು ಹಾವಾಡಿಗ ಮಾಡಿದ್ದಾರೆ ನೋಡಿ, ಭಾರತ ಅಂದರೆ ಹಾವು ಪುಂಗಿ ಎನ್ನುವ ಆ ಕಾಲದ ಸೋಮಾರಿ ಯೋಚನೆ ಬಾಂಡ್ ಅವರನ್ನೂ ಬಿಟ್ಟಿರಲಿಲ್ಲ. ಇದನ್ನು ಮುಚ್ಚಿಟ್ಟು ಹೊಗಳುವ ಅಗತ್ಯ ನನಗಿಲ್ಲ.

ಪಾರ್ಸ್ಲಿ ಎಷ್ಟು ಜನಪ್ರಿಯವಾಯಿತು ಎಂದರೆ 1970ರಲ್ಲಿ ಅದಕ್ಕೇ ಬೇರೆ ಸರಣಿ ಬಂತು. ಈ ಬಾರಿ ಕಂತಿಗೆ ಐದೇ ನಿಮಿಷ. ಸಂಜೆಯ ವಾರ್ತೆಗೆ ಮುಂಚೆ ಬರುತ್ತಿದ್ದುದರಿಂದ ವಾರ್ತೆಗೆ ಕಾದು ಕೂತ ದೊಡ್ಡವರೂ ನೋಡುತ್ತಿದ್ದರು. ಬಾಂಡ್ ಅದಕ್ಕೆ ತಕ್ಕಂತೆ ಬರೆಯುವ ರೀತಿಯನ್ನೇ ಬದಲಾಯಿಸಿದರು. ಹಾಡು ಹಿಂದಕ್ಕೆ ಸರಿಯಿತು, ಮಾತಿನ ಚುರುಕು ಜಾಸ್ತಿಯಾಯಿತು. ಬರೆಯುವವರಿಗೆ ಗೊತ್ತು, ಹದಿನೈದು ನಿಮಿಷದ್ದನ್ನು ಐದು ನಿಮಿಷಕ್ಕೆ ಇಳಿಸುವುದು ಅಂದರೆ ಕತ್ತರಿ ಹಾಕುವುದಲ್ಲ. ಬೇರೆಯೇ ಕತೆ ಹುಡುಕಬೇಕು.

ಅದೇ ಐವರ್ ವುಡ್ ಜೊತೆ ಪ್ಯಾಡಿಂಗ್ಟನ್ ಟಿವಿಗೆ ಬಂದದ್ದು 1976ರಲ್ಲಿ. ಕಂತುಗಳನ್ನು ಬರೆದದ್ದು ಬಾಂಡ್ ಅವರೇ. ಆ ಪುಟ್ಟ ಚಿತ್ರಗಳನ್ನು ಈಗಲೂ ನೋಡಿ. ಕರಡಿ ಒಂದೇ ನಿಜವಾದ ಗೊಂಬೆ. ಅದಕ್ಕೆ ಮೈಯಿದೆ, ಕೂದಲಿದೆ. ಸುತ್ತಲಿನ ಮನುಷ್ಯರು, ಮನೆ, ಬೀದಿ ಎಲ್ಲ ಕಾಗದದ ಮೇಲೆ ಬರೆದು ಕತ್ತರಿಸಿದ ಚಿತ್ರಗಳು. ಮೇಜಿನ ಮೇಲೆ ಚಿತ್ರವಾಗಿದ್ದ ವಸ್ತುವನ್ನು ಕರಡಿ ಕೈಗೆತ್ತಿಕೊಂಡರೆ ಅದೂ ನಿಜವಾದ ವಸ್ತುವಾಗುತ್ತದೆ. ಹೊರಗಿನಿಂದ ಬಂದವನೇ ಇಲ್ಲಿ ಎಲ್ಲರಿಗಿಂತ ಗಟ್ಟಿ ಮನುಷ್ಯ ಎನ್ನುವುದು ಒಂದು ಮಾತೂ ಇಲ್ಲದೆ ಕಣ್ಣಿಗೆ ಕಾಣುತ್ತದೆ. ಎಲ್ಲರ ದನಿಯೂ ಒಬ್ಬರದೇ, ನಟ ಮೈಕಲ್ ಹಾರ್ಡರ್ನ್ ಅವರದು. ಪೆರುವಿನಲ್ಲಿ ಸಾಕಿದ ಲೂಸಿ ಅತ್ತೆ ಕಲಿಸಿಕೊಟ್ಟ ಹಾಗೆ ಕರಡಿ ಕೆಕ್ಕರಿಸಿ ನೋಡುತ್ತದಲ್ಲ, ಪುಸ್ತಕದಲ್ಲಿ ಅದಕ್ಕೆ ಒಂದು ವಾಕ್ಯ ಬೇಕು. ಇಲ್ಲಿ ಗೊಂಬೆ ಅಲ್ಲಾಡದೆ ಎರಡು ಕ್ಷಣ ನಿಂತರೆ ಸಾಕು. ಹಣ ಕಮ್ಮಿ, ಸಮಯ ಕಮ್ಮಿ. ಆ ಕೊರತೆಯನ್ನೇ ಗುಣ ಮಾಡಿಕೊಂಡರು.

ಇನ್ನು ಓಲ್ಗಾ. 1971ರಲ್ಲಿ ಬಂದ ಓಲ್ಗಾ ಡಾ ಪೋಲ್ಗಾ ಎಂಬ ಗಿನಿ ಪಿಗ್. ಬಾಂಡ್ ಮನೆಯಲ್ಲಿ ಸಾಕಿದ್ದ ಪ್ರಾಣಿಯೇ ಇದಕ್ಕೆ ಮೂಲ. ಪ್ಯಾಡಿಂಗ್ಟನ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಓಲ್ಗಾ ಬಾಯಿ ಬಿಟ್ಟರೆ ಬೊಗಳೆ. ಗಿನಿ ಪಿಗ್‌ಗಳಿಗೆ ಬಾಲ ಯಾಕಿಲ್ಲ ಗೊತ್ತಾ ಅಂತ ಶುರು ಮಾಡಿದರೆ ರಾಜ ರಾಣಿಯರನ್ನೆಲ್ಲ ಎಳೆದು ತರುತ್ತಾಳೆ. ಕೇಳುವವರು ಒಂದು ಬೆಕ್ಕು, ಒಂದು ಮುಳ್ಳುಹಂದಿ, ಒಂದು ಆಮೆ. ನಂಬುವುದೋ ಬಿಡುವುದೋ ಅವರಿಗೂ ತಿಳಿಯದು. ಕರಡಿ ಊರೆಲ್ಲ ಸುತ್ತುತ್ತದೆ, ಇವಳು ಗೂಡು ಬಿಟ್ಟು ಹೊರಗೆ ಹೋಗುವುದೇ ಅಪರೂಪ. ಹೋಗಲಾಗದ ಕಡೆಗೆಲ್ಲ ಬಾಯಲ್ಲೇ ಹೋಗಿ ಬರುತ್ತಾಳೆ. ಒಂದು ಪಾತ್ರ ಗೆದ್ದ ಮೇಲೆ ಅದರ ತದ್ವಿರುದ್ಧ ಸ್ವಭಾವದ ಇನ್ನೊಂದನ್ನು ಕಟ್ಟಿ, ಅದನ್ನೂ ಅಷ್ಟೇ ಪ್ರೀತಿಯಿಂದ ಬೆಳೆಸುವುದಕ್ಕೆ ಧೈರ್ಯ ಬೇಕು. ನನ್ನ ಲೆಕ್ಕದಲ್ಲಿ ಬಾಂಡ್ ಅವರ ಕೈಚಳಕ ಅತಿ ಹೆಚ್ಚು ಕಾಣುವುದು ಓಲ್ಗಾಳಲ್ಲೇ. ಕರಡಿ ಅಭಿಮಾನಿಗಳು ಬೈಯಬಹುದು, ಬೈಯಲಿ.

1983ರಿಂದ ದೊಡ್ಡವರಿಗೂ ಬರೆದರು. ಪಾಂಪ್ಲಮೂಸ್ ಎಂಬ ಮಾಜಿ ಫ್ರೆಂಚ್ ಪೊಲೀಸ್, ಈಗ ಹೋಟೆಲುಗಳ ಊಟದ ರುಚಿ ನೋಡಿ ಅಂಕ ಕೊಡುವ ಇನ್‌ಸ್ಪೆಕ್ಟರ್, ಜೊತೆಗೆ ಪೋಮ್ ಫ್ರಿಟ್ ಎಂಬ ನಾಯಿ. ಪತ್ತೇದಾರಿ ಅಂತ ಓದಿದರೆ ಅಂಥ ರೋಚಕವೇನಲ್ಲ. ಅಡುಗೆಮನೆಯ ವಿವರಕ್ಕೆ, ನಾಯಿಗಾಗಿ ಓದಬಹುದು.

ಅವರಿಗೆ ಬ್ರಿಟನ್ನಿನ ಒಬಿಇ ಗೌರವ 1997ರಲ್ಲಿ, ಸಿಬಿಇ ಗೌರವ 2015ರಲ್ಲಿ ಸಿಕ್ಕಿತು. 2017ರ ಜೂನ್ 27ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪ್ಯಾಡಿಂಗ್ಟನ್ ಲ್ಯಾಟಿನ್ ಭಾಷೆಗೂ ಹೋಗಿ ಬಂದಿದ್ದ. ಕೊನೆಯ ಪ್ಯಾಡಿಂಗ್ಟನ್ ಪುಸ್ತಕ ಅವರು ಹೋದ ಮೇಲೆ, 2018ರಲ್ಲಿ ಬಂತು. ಮೊದಲನೆಯದಕ್ಕೂ ಅದಕ್ಕೂ ಅರವತ್ತು ವರ್ಷ.

2014 ಮತ್ತು 2017ರ ಸಿನಿಮಾಗಳು ನನಗೂ ಇಷ್ಟವೇ. ಮೊದಲನೆಯದರಲ್ಲಿ ಬಾಂಡ್ ಒಂದು ಕ್ಷಣ ಗ್ಲಾಸ್ ಎತ್ತಿ ಕಾಣಿಸಿಕೊಳ್ಳುತ್ತಾರೆ ಕೂಡ. ಆದರೆ ಸಿನಿಮಾಕ್ಕೆ ಖಳ ಬೇಕಾಯಿತು. ಕರಡಿಯ ಚರ್ಮ ಸುಲಿಯಲು ಹೊಂಚು ಹಾಕುವ ಹೆಂಗಸು, ವೇಷ ಬದಲಿಸುವ ಕಳ್ಳ ನಟ. ಪುಸ್ತಕದಲ್ಲಿ ಅಂಥವರ ಹಂಗಿಲ್ಲ. ಪಕ್ಕದ ಮನೆಯಲ್ಲಿ ಮಿಸ್ಟರ್ ಕರಿ ಎಂಬ ಜಿಪುಣ ಇದ್ದಾನೆ, ಅವನ ಕೆಟ್ಟತನ ಕರಡಿಯಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವಷ್ಟಕ್ಕೆ ಮುಗಿಯುತ್ತದೆ. ಖಳನಿಲ್ಲದೆ, ಲೋಕ ಮುಳುಗುವ ಭಯವಿಲ್ಲದೆ, ಒಂದು ನಲ್ಲಿ ಒಂದು ಟೋಪಿ ಇಟ್ಟುಕೊಂಡು ಹತ್ತು ಪುಟ ಮಗುವನ್ನು ಕಟ್ಟಿಹಾಕಿ ಅಂತ ಇವತ್ತಿನ ಚಿತ್ರಕತೆ ಬರೆಯುವವರಿಗೆ ಹೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ.

ಮಕ್ಕಳಿಗೆ ಏನು ಕೊಡಿಸಲಿ ಅಂತ ಕೇಳುವ ಗೆಳೆಯರಿಗೆ: ಮೊದಲ ಪ್ಯಾಡಿಂಗ್ಟನ್ ಪುಸ್ತಕ ಕೊಡಿಸಿ, ಪೆಗಿ ಫೋರ್ಟ್‌ನಮ್ ಅವರ ಗೆರೆಚಿತ್ರ ಇರುವ ಮುದ್ರಣವೇ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಐವರ್ ವುಡ್ ಅವರ ಐದು ನಿಮಿಷದ ಚಿತ್ರಗಳನ್ನು ತೋರಿಸಿ. ಸಿನಿಮಾ ಕೊನೆಗೆ. ಮತ್ತೆ ಓಲ್ಗಾಳ ಬೊಗಳೆಯನ್ನು ಯಾರಾದರೂ ಒಳ್ಳೆಯ ಕನ್ನಡಕ್ಕೆ ತಂದರೆ ದಯವಿಟ್ಟು ಇಲ್ಲಿ ತಿಳಿಸಿ, ಎರಡು ಪ್ರತಿ ನನಗೆ.