ಫೇಲಾದ ಪೇಪರನ್ನು ತರಿಸಿ ನೋಡಬಾರದಾ?

ಪುತ್ತೂರಿನಲ್ಲಿ ಅಕ್ಕನ ಮನೆ ಒಕ್ಕಲು, ಅಂದರೆ ಗೃಹಪ್ರವೇಶ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ ಮಾತು ಅಕ್ಕನ ಮಗಳ ರಿಸಲ್ಟಿನ ಕಡೆ ತಿರುಗಿತು. ಎಂಬಿಬಿಎಸ್ ಮೊದಲ ವರ್ಷ. ಫಿಸಿಯಾಲಜಿ ಪಾಸ್, ಬಯೋಕೆಮಿಸ್ಟ್ರಿ ಪಾಸ್. ಅನಾಟಮಿ ಥಿಯರಿಯಲ್ಲಿ ಮೂರು ಮಾರ್ಕು ಕಮ್ಮಿ. "ಉತ್ತರ ಪತ್ರಿಕೆಯ ಕಾಪಿ ತರಿಸಿ ಒಮ್ಮೆ ನೋಡಿ" ಅಂದೆ. ಭಾವ ಜೋರಾಗಿ ನಕ್ಕರು. "ನಿಮ್ಮ ಕೇರಳದವರ ಬುದ್ಧಿಯೇ ಅದು ಮಾರಾಯ. ಒಂದು ಅರ್ಜಿ, ಒಂದು ಕೇಸು, ಆಮೇಲೊಂದು ಹರತಾಳ." ಸುತ್ತ ಕೂತಿದ್ದವರೆಲ್ಲ ನಕ್ಕರು.

ನಾನು ಹುಟ್ಟಿ ಬೆಳೆದದ್ದು ಅದೇ ಪುತ್ತೂರಿನಲ್ಲಿ. ಕೆಲಸಕ್ಕೆಂದು ಗಡಿಯಾಚೆ ಕಾಸರಗೋಡಿನ ಪೆರ್ಲಕ್ಕೆ ಬಂದು ಅಲ್ಲೇ ಮನೆ ಮಾಡಿಕೊಂಡವನು. ಪಾಣಾಜೆ, ಆರ್ಲಪದವು ದಾಟಿದರೆ ನಮ್ಮ ಕಡೆಯೇ. ಇಷ್ಟು ಹತ್ತಿರ ಇದ್ದೂ ಸ್ವಂತ ಮನೆಯವರಿಗೆ ನಾನು 'ಕೇರಳದವನು' ಆಗಿಬಿಟ್ಟೆನಲ್ಲ! ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಾತನ್ನು ಬೈಗುಳ ಅಂತ ತಗೊಳ್ಳಲು ನನಗೆ ಮನಸ್ಸಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ರಿಸಲ್ಟ್ ಬಂದ ಮರುದಿನದಿಂದ ಭಾವ ಮಾಡಿದ್ದು ಬರೀ ಫೋನ್. "ವ್ಯಾಲ್ಯುವೇಶನಿಗೆ ಹೋಗುವವರು ಯಾರಾದರೂ ಪರಿಚಯ ಇದ್ದಾರಾ?" ಪಕ್ಷದವರೊಬ್ಬರಿಗೆ ಹೇಳಿಸಿದರು. ರಿಟೈರ್ ಆದ ಪ್ರೊಫೆಸರ್ ಒಬ್ಬರ ಮನೆಗೆ ಹಣ್ಣು ಹಿಡಿದುಕೊಂಡು ಹೋದರು. ಅವರು ಪಾಪ, ತಮ್ಮ ಕಾಲದಲ್ಲಿ ಅನಾಟಮಿ ಎಷ್ಟು ಕಷ್ಟ ಇತ್ತು ಅಂತ ಗಂಟೆಗಟ್ಟಲೆ ಹೇಳಿ ಕಳಿಸಿದರಂತೆ. ಮಹಾಲಿಂಗೇಶ್ವರನಿಗೆ ಸೇವೆಯೂ ಆಯಿತು. ಸೇವೆಗೆ ನನ್ನ ತಕರಾರಿಲ್ಲ, ಮಧೂರು ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡವನು ನಾನೂ ಹೌದು. ಆದರೆ ಇಷ್ಟೆಲ್ಲ ಓಡಾಟದ ನಡುವೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆ ಹುಡುಗಿ ಬರೆದದ್ದೇನು, ಅದಕ್ಕೆ ಅವರು ಕೊಟ್ಟದ್ದೆಷ್ಟು?

ಈಗ ಪೆರ್ಲದಲ್ಲಿ ನಮ್ಮ ಪಕ್ಕದ ಮನೆಯ ಟೀಚರ್ ಕಥೆ. ಅವರು ಪಯ್ಯನ್ನೂರು ಕಡೆಯವರು, ಮಲಯಾಳಂ ಟೀಚರ್. ಅವರ ಮಗನೂ ಮೆಡಿಕಲ್, ತೆಂಕಣ ಕೇರಳದ ಒಂದು ಕಾಲೇಜಿನಲ್ಲಿ. ಅವನೂ ಮೊದಲ ವರ್ಷ ಫಿಸಿಯಾಲಜಿಯಲ್ಲಿ ಫೇಲಾದ. ಟೀಚರ್ ಅಳಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಬಿಳಿ ಹಾಳೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆದು, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಜೊತೆಗೆ ನಿಯಮದ ಪುಸ್ತಕ ಪ್ರಿಂಟ್ ತೆಗೆಸಿ ಓದತೊಡಗಿದರು. ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ ಪಾಸಾಗಬೇಕಂತೆ. 2019ರ ನಿಯಮದಲ್ಲಿ ಎರಡು ಪೇಪರ್ ಇರುವ ವಿಷಯಕ್ಕೆ ಪ್ರತಿ ಪೇಪರಿನಲ್ಲಿ ಶೇ. 40, ಎರಡೂ ಸೇರಿ ಶೇ. 50 ಬೇಕಿತ್ತಂತೆ. ಒಂದೇ ವಿಷಯದಲ್ಲಿ ಫೇಲಾದವರಿಗೆ 5 ಮಾರ್ಕಿನವರೆಗೆ ಗ್ರೇಸ್ ಕೊಡುವ ಅಧಿಕಾರ ಹಿಂದೆ ವಿಶ್ವವಿದ್ಯಾಲಯಕ್ಕೆ ಇತ್ತಂತೆ, 2023ರ ನಿಯಮ ಅದನ್ನೂ ತೆಗೆದು ಹಾಕಿತಂತೆ. ಮೊದಲ ವರ್ಷ ದಾಟಲು ನಾಲ್ಕೇ ಅವಕಾಶವಂತೆ. ಬೇಲಿಯ ಆಚೆಯಿಂದ ಈಚೆಗೆ ಇದನ್ನೆಲ್ಲ ಅವರು ನನಗೇ ಪಾಠ ಮಾಡಿದರು. ನಮ್ಮ ಭಾವನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಫೀಸ್ ಎಷ್ಟು ಕಟ್ಟಿದ್ದು ಅನ್ನೋದು ಮಾತ್ರ ಪೈಸೆ ಸಮೇತ ಗೊತ್ತು.

ಪೇಪರ್ ಬಂತು. ಏನು ಸಿಕ್ಕಿತು ಗೊತ್ತಾ? ಏನೂ ಇಲ್ಲ. ಕೂಡಿಸಿದ್ದು ಸರಿ ಇತ್ತು, ಬರೆದದ್ದಕ್ಕೆಲ್ಲ ಮಾರ್ಕು ಬಿದ್ದಿತ್ತು. ಒಂದು ದೊಡ್ಡ ಪ್ರಶ್ನೆಯ ಜಾಗ ಮಾತ್ರ ಪೂರ್ತಿ ಖಾಲಿ. "ಎಲ್ಲ ಬರೆದಿದ್ದೇನೆ ಅಮ್ಮ, ಅವರೇ ಮಾರ್ಕು ಕೊಡಲಿಲ್ಲ" ಅಂದಿದ್ದ ಮಹಾಶಯ! ಆ ದಿನ ಸಂಜೆ ಪಕ್ಕದ ಮನೆಯಿಂದ ಕೇಳಿದ ಮಲಯಾಳಂ ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದದ್ದನ್ನು ಬರೆಯುವ ಹಾಗಿಲ್ಲ. ಆದರೆ ಮರುದಿನ ಹುಡುಗ ಓದಲು ಕೂತ. ನಮ್ಮ ಅಕ್ಕನ ಮಗಳೋ, ತಾನು ಎಲ್ಲಿ ತಪ್ಪಿದೆ ಅಂತ ಗೊತ್ತಿಲ್ಲದೆ ಅನಾಟಮಿಯ ಮೂರು ದಪ್ಪ ಪುಸ್ತಕವನ್ನು ಮೊದಲಿಂದ ಕೊನೆಯ ತನಕ ಮತ್ತೆ ಉರು ಹೊಡೆದಳು. ಅದೂ ಅಳುತ್ತಾ.

ಭಾವ ಅಂದುಕೊಂಡ ಹಾಗೆ ಇದು ಕೇರಳದ ಕಾನೂನೇನೂ ಅಲ್ಲ. ಪರೀಕ್ಷೆ ಬರೆದವನಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಕೇಸಿನಲ್ಲಿ ಹೇಳಿದೆ. 2016ರಲ್ಲಿ ಕೇರಳ ಪಿಎಸ್‌ಸಿ ಕೇಸಿನಲ್ಲಿ ಇನ್ನೂ ಬಿಡಿಸಿ ಹೇಳಿತು: ಪತ್ರಿಕೆಯ ಪ್ರತಿ ಕೊಡಿ, ತಿದ್ದಿದವರ ಹೆಸರು ಮಾತ್ರ ಕೊಡಬೇಡಿ. ಎಷ್ಟು ಸರಿ, ಅಲ್ವಾ? ಹೆಸರು ಗೊತ್ತಾದರೆ ನಮ್ಮ ಭಾವನಂಥವರು ಹಣ್ಣು ಹಿಡಿದುಕೊಂಡು ಹೊರಡುತ್ತಾರೆ. ಈ ಹಕ್ಕು ಪುತ್ತೂರಿಗೂ ಉಂಟು, ಪೆರ್ಲಕ್ಕೂ ಉಂಟು. ಒಂದು ಕಡೆ ಜನ ಅದನ್ನು ಬಳಸುತ್ತಾರೆ, ಇನ್ನೊಂದು ಕಡೆ ಅದನ್ನು ಜಗಳ ಅನ್ನುತ್ತಾರೆ.

ಇದು ಮಲಯಾಳಿಗಳ ರಕ್ತದಲ್ಲೇ ಬಂದದ್ದು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿಯ ಕನ್ನಡದವರೂ ಹಾಗೆಯೇ. ಪುತ್ತೂರಿನಿಂದ ವಾಪಸ್ ಬರುವ ದಾರಿಯಲ್ಲೇ ಸ್ವರ್ಗ ಸಿಗುತ್ತದೆ, ಆಚೆ ಪಡ್ರೆ. ಗೇರು ತೋಟಕ್ಕೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು. ಮನೆ ಮನೆಯಲ್ಲಿ ಕನ್ನಡ, ತುಳು. ಅಲ್ಲಿಯವರು ಡಾಕ್ಟರ ಚೀಟಿ ಜೋಪಾನ ಮಾಡುವುದನ್ನು ಕಲಿತರು, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಿಟ್ಟು ಹೋದರೆ ಯಾಕೆ ಅಂತ ಬರೆದು ಕೇಳುವುದನ್ನು ಕಲಿತರು. 2011ರಲ್ಲಿ ಆ ವಿಷಕ್ಕೆ ತಡೆ ಬಂದದ್ದು ಸುಪ್ರೀಂ ಕೋರ್ಟಿನಿಂದ. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂದದ್ದೂ ಅದೇ ಕೋರ್ಟು. 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಹಾಕಿ ಮಂಗಳೂರಿಗೆ ಹೋಗುವ ರೋಗಿಗಳನ್ನು ತಡೆದರಲ್ಲ, ಆಗಲೂ ದಾರಿ ಕೇಳಿದ್ದು ಹೈಕೋರ್ಟಿನಲ್ಲಿ. ನಮ್ಮ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ಅಪ್ಪ ಅಮ್ಮಂದಿರು ಹೋದದ್ದೂ ಅಲ್ಲಿಗೇ. ಇಲ್ಲಿ ಕನ್ನಡದವರಿಗೆ ಪರಿಚಯದ ಮಂತ್ರಿ ಇರುವುದು ಅಪರೂಪ. ಹಾಗಾಗಿ ಕಾಗದವೇ ಗತಿ. ಪರಿಚಯ ಜಾಸ್ತಿ ಇರುವ ಕಡೆ ನಿಯಮ ಓದುವ ಕಷ್ಟ ಯಾರು ತಗೊಳ್ಳುತ್ತಾರೆ?

ಮೇಲಿನವರ ನಿಯಮವೂ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ, ಬಿಡಿ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಎರಡು ಪೇಪರ್ ಇರುವ ವಿಷಯಕ್ಕೆ ಒಟ್ಟು ಶೇ. 40 ಬಂದರೆ ಸಾಕು ಅಂತ ಹೇಳಿತು. ಹುಡುಗರು ಸಿಹಿ ಹಂಚಿ ಮುಗಿಯುವುದರೊಳಗೆ, ಇಲ್ಲ, ಶೇ. 50 ಬೇಕೇ ಬೇಕು ಅಂತ ವಾಪಸ್ ತಗೊಂಡಿತು. ಅದೇ ವರ್ಷ, ಎಂಬಿಬಿಎಸ್ ಆದ ಮೇಲಿನ ಓದಿಗೆ ಬರೆಯುವ ಪಿ.ಜಿ. ನೀಟ್ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಅಂದರೆ ಎಂಬಿಬಿಎಸ್ ಹುಡುಗ ಮೂರು ಮಾರ್ಕಿಗೆ ಫೇಲಾಗಬಹುದು, ಸ್ಪೆಷಲಿಸ್ಟ್ ಆಗುವ ಸಾಲಿನಲ್ಲಿ ಮಾತ್ರ ಆ ವರ್ಷ ಪರೀಕ್ಷೆ ಬರೆದ ಯಾರು ಬೇಕಾದರೂ ನಿಲ್ಲಬಹುದಿತ್ತು. ರಷ್ಯಾದಲ್ಲೋ ಜಾರ್ಜಿಯಾದಲ್ಲೋ ಓದಿ ಬಂದ ಉಪ್ಪಳದ ಹುಡುಗನಿಗೆ ಇನ್ನೊಂದು ಪರೀಕ್ಷೆ, ಅಲ್ಲಿ 300ಕ್ಕೆ 150 ಬಂದರೆ ಡಾಕ್ಟರು, 149 ಬಂದರೆ ಮನೆಗೆ. ಹೀಗೆ ಗೆರೆ ದಿನಕ್ಕೊಂದು ಕಡೆ ಎಳೆಯುವವರ ಹತ್ತಿರ "ಸ್ವಾಮೀ, ನನ್ನ ಲೆಕ್ಕ ತೋರಿಸಿ" ಅಂದರೆ ಅದು ಹರತಾಳವಾ?

ಇನ್ನು ಭಾವನ ಕಡೆಯಿಂದಲೂ ಒಂದೆರಡು ಮಾತು ಹೇಳಬೇಕು. ಹೇಳದಿದ್ದರೆ ಅಕ್ಕ ಬಿಡುವುದಿಲ್ಲ.

ಪೇಪರ್ ನೋಡುವುದು ಬೇರೆ, ಪೇಪರನ್ನು ಕೋರ್ಟಿನಲ್ಲಿ ತಿದ್ದಿಸುವುದು ಬೇರೆ. ಎರಡನೆಯದು ಹೆಚ್ಚಾಗಿ ನಡೆಯುವುದಿಲ್ಲ. ಮರು ಮೌಲ್ಯಮಾಪನ ನಿಯಮದಲ್ಲೇ ಇಲ್ಲದಿದ್ದರೆ ಅದು ಹಕ್ಕಲ್ಲ ಅಂತ 1984ರಲ್ಲಿ ಮಹಾರಾಷ್ಟ್ರದ ಬೋರ್ಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರೀಕ್ಷೆಯ ವಿಷಯ ಪಂಡಿತರಿಗೆ ಬಿಡಿ ಅನ್ನುವುದು ಅದರ ವಾದ. ಮೆಡಿಕಲ್‌ನಲ್ಲೂ ಅದೇ. ಆಂಧ್ರದ ಎನ್‌ಟಿಆರ್ ಆರೋಗ್ಯ ವಿಶ್ವವಿದ್ಯಾಲಯದ ಪಿ.ಜಿ. ಹುಡುಗರು ಕಂಪ್ಯೂಟರಿನಲ್ಲಿ ಮಾಡಿದ ಮೌಲ್ಯಮಾಪನ ಸರಿಯಿಲ್ಲ ಅಂತ ಹೈಕೋರ್ಟಿಗೆ ಹೋದರು. ಹೈಕೋರ್ಟ್ ಪತ್ರಿಕೆ ತರಿಸಿ ನೋಡಿ ಅವರ ಪರವಾಗಿ ಹೇಳಿತು. 2022ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ತೆಗೆದು ಹಾಕಿತು. ಅಷ್ಟು ವರ್ಷ, ಅಷ್ಟು ವಕೀಲರ ಫೀಸು, ಎಲ್ಲ ನೀರುಪಾಲು. ಆ ಹೊತ್ತಿಗೆ ಸಪ್ಲಿಮೆಂಟರಿ ಬರೆದು ಪಾಸಾದವರು ಹೊಸ ಕ್ಲಿನಿಕ್ ಹಾಕಿ ಆಗಿರುತ್ತದೆ. ನಮ್ಮ ಅಕ್ಕನ ಮಗಳೂ ಸಪ್ಲಿಮೆಂಟರಿಯಲ್ಲಿ ಪಾಸಾದಳು, ಅದನ್ನೂ ಹೇಳಿಬಿಡುತ್ತೇನೆ. ಭಾವ ಅದನ್ನು ಫೋನ್ ಮಾಡಿ ಎರಡು ಸಲ ಹೇಳಿದರು.

ಕರ್ನಾಟಕದ ಹುಡುಗರು ಸುಮ್ನೆ ಕೂತಿರುತ್ತಾರೆ ಅಂದರೂ ತಪ್ಪಾಗುತ್ತದೆ. ಬೆಂಗಳೂರು, ಧಾರವಾಡದ ಹೈಕೋರ್ಟ್ ಪೀಠಗಳಿಗೂ ಇಂಥ ಅರ್ಜಿಗಳು ಹೋಗುತ್ತವೆ. ನಾನು ಹೇಳಿದ್ದು ನಮ್ಮ ಮನೆಯ ಮಾತು.

ಮತ್ತೆ ಪಾಸ್ ಮಾರ್ಕು ಇಳಿಸುವ ವಿಷಯ. ಇಳಿಸಬಾರದು ಅನ್ನುವುದರಲ್ಲಿ ನಾನು ಪೂರ್ತಿ ಭಾವನ ಪಕ್ಷ. ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, 50 ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಇಷ್ಟು ಕಾಲ ಎದೆನೋವು ಬಂದರೂ ಹೆರಿಗೆ ನೋವು ಬಂದರೂ ತಲಪಾಡಿ ದಾಟಿ ಮಂಗಳೂರಿಗೇ ಓಡಿದ್ದೇವೆ. ಅಲ್ಲಿ ಸ್ಟ್ರೆಚರಿನ ಪಕ್ಕ ನಿಂತವನಿಗೆ ಎದುರಿನ ಡಾಕ್ಟರು ಶೇ. 50 ತೆಗೆದವನಾ, ಕೋರ್ಟಿನಿಂದ ಶೇ. 47ಕ್ಕೆ ಪಾಸಾದವನಾ ಅನ್ನುವುದು ದೊಡ್ಡ ಪ್ರಶ್ನೆಯೇ. ಉಕ್ಕಿನಡ್ಕದಲ್ಲಿ ನಾಳೆ ಯಾರಾದರೂ ಫೇಲಾದರೆ ಪೇಪರ್ ತರಿಸಿ ನೋಡಲಿ, ಕೂಡಿಸಿದ್ದು ತಪ್ಪಿದ್ದರೆ ಜಗಳ ಮಾಡಲಿ. ಗೆರೆ ಮಾತ್ರ ಇದ್ದಲ್ಲೇ ಇರಲಿ.

ಅರ್ಜಿಯ ಚಟವೂ ಒಳ್ಳೆಯದಲ್ಲ, ಅದನ್ನು ಈ ಊರು ನೋಡಿಯೇ ಹೇಳುತ್ತಿದ್ದೇನೆ. ಟೀಚರ ಮಗ ಈಗ ಮೂರನೇ ವರ್ಷ. ಇಂಟರ್ನಲ್ ಮಾರ್ಕು, ಅಟೆಂಡೆನ್ಸ್, ಹಾಸ್ಟೆಲ್ ಮೆಸ್ಸಿನ ಬಿಲ್ಲು, ಎಲ್ಲದಕ್ಕೂ ಮಾಹಿತಿ ಹಕ್ಕಿನಲ್ಲಿ ಬರೆಯಲು ಶುರು ಮಾಡಿದ್ದಾನಂತೆ. ಮೊನ್ನೆ ಸ್ಟಾಂಪಿಗೆ ದುಡ್ಡು ಕೇಳಿದ್ದಕ್ಕೆ ಟೀಚರ್ ಕೊಡಲಿಲ್ಲ. ಮೊದಲು ಫೊರೆನ್ಸಿಕ್ ಓದಿ ಮುಗಿಸು ಅಂದರಂತೆ.