ನನ್ನ ಬ್ರೌಸರ್ ಯಾರ ಪರ?

ಹೋದ ವಾರ ಬ್ಯಾಂಕಿನ ಆ್ಯಪ್ ತೆರೆದೆ. ‘ಈ ಫೋನ್ ಸುರಕ್ಷಿತವಲ್ಲ’ ಅಂತ ತೋರಿಸಿ ತಾನಾಗಿಯೇ ಮುಚ್ಚಿಕೊಂಡಿತು.

ನನ್ನದು 6 ವರ್ಷ ಹಳೆಯ ಫೋನ್. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ 3 ವರ್ಷ ಆಯ್ತು. ಅದಕ್ಕೇ ಕಂಪನಿಯ ಓಎಸ್ ತೆಗೆದು, ಆಂಡ್ರಾಯ್ಡ್‌ನದೇ ಇನ್ನೊಂದು ಮುಕ್ತ ರೂಪವಾದ ಲಿನೇಜ್ ಓಎಸ್ ಹಾಕಿಕೊಂಡೆ. ಈಗ ಸೆಕ್ಯುರಿಟಿ ಅಪ್‌ಡೇಟ್ ತಪ್ಪದೇ ಬರುತ್ತಿದೆ. ನನ್ನ ತಂಗಿ ಹತ್ತಿರವೂ ಅದೇ ಮಾಡೆಲ್ ಇದೆ. ಅದಕ್ಕೆ 3 ವರ್ಷದಿಂದ ಒಂದು ಅಪ್‌ಡೇಟೂ ಬಂದಿಲ್ಲ. ಆದರೂ ಅದರಲ್ಲಿ ಆ್ಯಪ್ ಸಲೀಸಾಗಿ ತೆರೆಯುತ್ತದೆ!

ಹಾಗಾದರೆ ಅಲ್ಲಿ ನೋಡುತ್ತಿರುವುದು ಏನನ್ನು? ಕಂಪನಿ ಹಾಕಿದ ಸೀಲು ಒಡೆದಿದೆಯಾ, ಅಂದರೆ ಅವರು ಹಾಕಿಕೊಟ್ಟ ಓಎಸ್ ಬದಲಾಗಿದೆಯಾ ಅಂತ, ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಈ ಕೆಲಸಕ್ಕೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನೋ ವ್ಯವಸ್ಥೆ ಇದೆ. ಆ್ಯಪ್ ಕೇಳುತ್ತದೆ, ಗೂಗಲ್ ಸಹಿ ಹಾಕಿ ಉತ್ತರ ಕೊಡುತ್ತದೆ. ನಮ್ಮ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ವೆಬ್ ಹೀಗಿರಲಿಲ್ಲ. ಬ್ರೌಸರನ್ನು ತಾಂತ್ರಿಕ ಭಾಷೆಯಲ್ಲಿ ‘ಯೂಸರ್ ಏಜೆಂಟ್’ ಅಂತಾರೆ. ಅಂದರೆ ಬಳಸುವವರ ಏಜೆಂಟ್. ಜಾಹೀರಾತು ಬೇಡ ಅಂದರೆ ತಡೆಯಬೇಕು, ಅಕ್ಷರ ದೊಡ್ಡದು ಮಾಡು ಅಂದರೆ ಮಾಡಬೇಕು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಕೆಲಸ ಮಾಡುವುದಕ್ಕೂ ಅದು ಜೊತೆ ಕೊಡಬೇಕು. ಈ ಹೆಸರು ನನಗೆ ತುಂಬಾ ಇಷ್ಟ.

2023ರಲ್ಲಿ ಗೂಗಲ್ ಎಂಜಿನಿಯರುಗಳು ‘ವೆಬ್ ಎನ್ವಿರಾನ್ಮೆಂಟ್ ಇಂಟೆಗ್ರಿಟಿ’ ಎಂಬ ಪ್ರಸ್ತಾಪ ಮುಂದಿಟ್ಟರು. ಫೋನಿನ ಅದೇ ತಪಾಸಣೆ ವೆಬ್‌ಗೂ ಬರಲಿ ಅನ್ನುವುದು ಅದರ ಸಾರ. ಈ ಬ್ರೌಸರ್, ಈ ಕಂಪ್ಯೂಟರ್ ನಂಬಬಹುದಾದದ್ದು ಅಂತ ಮೂರನೆಯವರೊಬ್ಬರು ಸೈಟಿಗೆ ಪ್ರಮಾಣಪತ್ರ ಕೊಡುತ್ತಾರೆ. ಬಾಟ್ (ಮನುಷ್ಯರಂತೆ ನಟಿಸುವ ಪ್ರೋಗ್ರಾಂ), ಮೋಸ ತಡೆಯೋಕೆ ಅಂತ ಕಾರಣ ಕೊಟ್ಟರು. ಬೇರೆ ಬ್ರೌಸರ್ ಮಾಡುವ ಮೊಜಿಲ್ಲಾ, ಬ್ರೇವ್, ವಿವಾಲ್ಡಿ ವಿರೋಧಿಸಿದವು. ಸಾಮಾನ್ಯ ಬಳಕೆದಾರರೂ ಸಿಟ್ಟಾದರು. ಆ ವರ್ಷ ನವೆಂಬರಿನಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು.

ನೆಮ್ಮದಿಯೇನೋ ಆಯ್ತು. ಆದರೆ ಬ್ರೌಸರಿನೊಳಗೆ ಇನ್ನೊಂದು ಬೀಗ ಅದಕ್ಕೂ ಮೊದಲೇ ಬಂದು ಕೂತಿತ್ತು. ಡಿಆರ್‌ಎಂ, ಅಂದರೆ ಸಿನಿಮಾ, ಹಾಡು ನಕಲಾಗದಂತೆ ಹಾಕುವ ಡಿಜಿಟಲ್ ಬೀಗ. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ 2017ರ ಸೆಪ್ಟೆಂಬರಿನಲ್ಲಿ ಅದನ್ನು ಬ್ರೌಸರಿಗೆ ಜೋಡಿಸುವ ವಿಧಾನಕ್ಕೆ ಅಧಿಕೃತ ಮುದ್ರೆ ಒತ್ತಿತು. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಅದನ್ನು ಪ್ರತಿಭಟಿಸಿ ಸದಸ್ಯತ್ವವನ್ನೇ ಬಿಟ್ಟು ಹೊರಬಂತು. ಇವತ್ತು ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಕಾಸು ಕೊಟ್ಟು ನೋಡುವ ಸಿನಿಮಾ ಓಡಬೇಕಾದರೆ ಸಾಮಾನ್ಯವಾಗಿ ಗೂಗಲ್‌ನ ವೈಡ್‌ವೈನ್ ಎಂಬ ಡಿಆರ್‌ಎಂ ಬೇಕು. ಅದರೊಳಗೆ ಏನಿದೆ ಅಂತ ನಾವು ನೋಡುವಂತಿಲ್ಲ. 2019ರಲ್ಲಿ ಒಬ್ಬ ಡೆವಲಪರ್ ಗೆಳೆಯರೆಲ್ಲ ಒಟ್ಟಿಗೆ ವೀಡಿಯೊ ನೋಡುವ ಬ್ರೌಸರ್ ಕಟ್ಟುತ್ತಿದ್ದರು. ವೈಡ್‌ವೈನ್ ಕೇಳಿ ತಿಂಗಳುಗಟ್ಟಲೆ ಕಾದರು. ಕೊನೆಗೆ ಗೂಗಲ್‌ನವರು ಆಗಲ್ಲ ಅಂದುಬಿಟ್ಟರು. ಹೊಸ ಬ್ರೌಸರ್ ಮಾಡೋಕೆ ಪ್ರತಿಸ್ಪರ್ಧಿಯ ಅನುಮತಿ ಬೇಕು ಅಂದರೆ ಅದೆಂಥ ಸ್ಪರ್ಧೆ?

ನಾನೂ ಕಾಸು ಕೊಟ್ಟೇ ಸಿನಿಮಾ ನೋಡುವವನು. ಈ ಬೀಗದಿಂದಾಗಿ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ನನಗೆ ಸಿಗೋದು ಮಸುಕು ಚಿತ್ರ. ಕದ್ದು ನೋಡುವವರಿಗೆ ಸ್ಪಷ್ಟ ಚಿತ್ರವೇ ಸಿಗುತ್ತದೆ.

ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಬೀಗ ಮುರಿದವರ ಉದ್ದೇಶ ಏನು ಅಂತ ಕೇಳುತ್ತದೆ. ಸೆಕ್ಯುರಿಟಿ ಪರೀಕ್ಷೆಗೆ ವಿನಾಯಿತಿಯನ್ನೂ ಕೊಡುತ್ತದೆ. ಬೀಗಕ್ಕೆ ಇದೆಲ್ಲ ಗೊತ್ತಿಲ್ಲ. ಅದು ಎಲ್ಲರನ್ನೂ ಒಂದೇ ಥರ ತಡೆಯುತ್ತದೆ.

ಮೋಸ ತಡೆಯಬೇಕು ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ದುಡ್ಡು ದೋಚುವಾಗ ಕಳೆದುಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಕಂಪನಿಯ ಸೀಲೇ ಒಡೆಯದ ಫೋನ್. ಅಲ್ಲಿ ಈ ತಪಾಸಣೆ ಏನು ಮಾಡಿತು?

ಸದ್ಯಕ್ಕೆ ಬ್ರೌಸರಿನಲ್ಲಿ ನೆಟ್‌ಬ್ಯಾಂಕಿಂಗ್ ನಡೆಯುತ್ತಿದೆ. ಆ ಬಾಗಿಲನ್ನಾದರೂ ಮುಚ್ಚಬೇಡಿ ಅಂತ ಬ್ಯಾಂಕಿಗೆ ಪತ್ರ ಬರೆಯುತ್ತಿದ್ದೇನೆ. ನಿಮಗೂ ಹೀಗೆ ಆಗಿದ್ದರೆ ಯಾವ ಫೋನ್, ಏನಂತ ಬಂತು ಅಂತ ಇಲ್ಲಿ ಹೇಳಿ. ಪತ್ರದಲ್ಲಿ ಅದನ್ನೂ ಸೇರಿಸುತ್ತೇನೆ.